ಕಂಬಳಿ ಹೊದಿಸಿದರೆ ಹಾವು ಬೆಚ್ಚಗಾಗುವುದೆ?

ಸಾಕಿದ ಹಾವನ್ನು ಚಳಿಯಿಂದ ಕಾಪಾಡುವ ವಿಷಯವಾಗಿ ಬರೆಯುತ್ತೇನೆಂದಾಗ ಗೆಳೆಯರು ನಕ್ಕರು. ಕಲಾ ವಿಭಾಗದವನಿಗೆ ಪ್ರಾಣಿಶಾಸ್ತ್ರದ ಗೊಡವೆ ಏತಕ್ಕೆ ಎಂಬುದು ಒಬ್ಬರ ಪ್ರಶ್ನೆ. ಹಾವನ್ನು ಕಂಡರೆ ದೂರ ಸರಿಯುವುದು ಬಿಟ್ಟು ಅದಕ್ಕೆ ಚಳಿಯಾದೀತೆಂದು ಮರುಗುವುದುಂಟೆ ಎಂಬುದು ಇನ್ನೊಬ್ಬರದು. ನಾನು ಹೇಳಹೊರಟಿರುವುದು ಹೆಸರಿಗೆ ಹಾವಿನ ಮಾತು. ಅದರ ತಿರುಳು ಮನುಷ್ಯನ ಹೊಣೆಗಾರಿಕೆ. ಇದಕ್ಕೆ ಕಲೆ, ವಿಜ್ಞಾನವೆಂಬ ಭೇದವಿಲ್ಲವೆಂದು ನನ್ನ ನಂಬಿಕೆ.

ಮೊದಲು ಒಂದು ಸರಳವಾದ ಸಂಗತಿ. ಕಂಬಳಿಯು ಶಾಖವನ್ನು ಹುಟ್ಟಿಸುವುದಿಲ್ಲ. ಹೊದ್ದವನ ಮೈಯಲ್ಲಿ ಹುಟ್ಟಿದ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ನಾವು ಉಂಡ ಅನ್ನವೇ ಒಳಗೆ ಒಲೆಯಂತೆ ಉರಿದು ನಮ್ಮ ಮೈಯನ್ನು 37 ಡಿಗ್ರಿಯ ಸುಮಾರಿನಲ್ಲಿ ಇರಿಸುತ್ತದೆ. ಮೊಟ್ಟೆಗೆ ಕಾವು ಕೊಡುವ ಕೆಲವು ಜಾತಿಯ ಹೆಣ್ಣು ಹೆಬ್ಬಾವುಗಳನ್ನು ಬಿಟ್ಟರೆ, ಹಾವುಗಳಿಗೆ ಇಂತಹ ಒಳಗಿನ ಒಲೆಯಿಲ್ಲ. ಅವು ಬಿಸಿಲಿಗೆ ಬಂದು ಮೈ ಕಾಯಿಸಿಕೊಳ್ಳುತ್ತವೆ, ಬಿಲಕ್ಕೆ ಸರಿದು ತಂಪು ಮಾಡಿಕೊಳ್ಳುತ್ತವೆ. ಆದುದರಿಂದ ಒಮ್ಮೆ ತಣ್ಣಗಾದ ಹಾವಿಗೆ ಹತ್ತು ಕಂಬಳಿ ಹೊದಿಸಿದರೂ ಅದು ತಣ್ಣಗೇ ಇರುವುದು.

ಹಾಗೆಂದು ಚಳಿಯು ಎಲ್ಲ ಹಾವುಗಳಿಗೂ ಶತ್ರುವಲ್ಲ. ಕೆನಡಾ ದೇಶದ ಮ್ಯಾನಿಟೋಬ ಪ್ರಾಂತದ ನಾರ್ಸಿಸ್ ಎಂಬಲ್ಲಿ ಗಾರ್ಟರ್ ಹಾವುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸುಣ್ಣಕಲ್ಲಿನ ಬಿರುಕುಗಳೊಳಗೆ ಇಳಿದು, ನೆಲ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಚಳಿಗಾಲವನ್ನು ಕಳೆದು, ವಸಂತದಲ್ಲಿ ಮೇಲೇಳುತ್ತವೆ. ಅವಕ್ಕೆ ಆ ಬಿರುಕಿನ ದಾರಿ ತೆರೆದಿದೆ. ಗಾಜಿನ ಪೆಟ್ಟಿಗೆಯಲ್ಲಿರುವ ಹಾವಿಗೆ ಯಾವ ದಾರಿ? ಪೇಟೆಯಲ್ಲಿ ಹೆಚ್ಚಾಗಿ ಸಾಕುವ ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬೆಚ್ಚನೆಯ ನಾಡಿನದು. ಪೆಟ್ಟಿಗೆಯ ಒಂದು ಬದಿ 32 ಡಿಗ್ರಿಯಷ್ಟು ಬಿಸಿಯಾಗಿಯೂ, ಇನ್ನೊಂದು ಬದಿ 26ರ ಆಸುಪಾಸಿನಲ್ಲಿಯೂ ಇದ್ದರೆ ಅದಕ್ಕೆ ಹಿತ. ಅದನ್ನು ತಂದು ಕೂಡಿಹಾಕಿದವನು ಅದರ ಬಿಸಿಲನ್ನೂ ಬಿಲವನ್ನೂ ಕಸಿದುಕೊಂಡಿದ್ದಾನೆ. ಅಂದಮೇಲೆ ಅವೆರಡರ ಕೆಲಸವೂ ಅವನ ತಲೆಯ ಮೇಲೆಯೇ ಬಂತು.

ಈ ಹೊಣೆ ಎಷ್ಟು ಭಾರವಾದುದೆಂಬುದು 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಕಂಡುಬಂತು. ಡಲ್ಲಾಸ್ ನಗರದ ಬಳಿ ಉಷ್ಣಮಾನವು ಸೊನ್ನೆಗಿಂತ 19 ಡಿಗ್ರಿಯಷ್ಟು ಕೆಳಗಿಳಿಯಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ವಿದ್ಯುಚ್ಛಕ್ತಿ ನಿಂತುಹೋಯಿತು. ಸರಕಾರದ ಲೆಕ್ಕದಂತೆಯೇ 246 ಮಂದಿ ಸತ್ತರು. ತಂತಿಯ ಬಲದಿಂದಲೇ ಹಾವುಗಳನ್ನು ಬೆಚ್ಚಗಿಟ್ಟಿದ್ದ ಮನೆಗಳಲ್ಲಿ ದೀಪಗಳೂ ಶಾಖದ ಹಾಸುಗಳೂ ಒಮ್ಮೆಗೇ ಆರಿದವು. ಅದೇ ವಾರ ಕಡಲತೀರದಲ್ಲಿ ಚಳಿಗೆ ಮರಗಟ್ಟಿದ ಸಾವಿರಾರು ಕಡಲಾಮೆಗಳನ್ನು ಜನರು ತಮ್ಮ ದೋಣಿ, ಕಾರುಗಳಲ್ಲಿ ಹೊತ್ತು ತಂದು, ಸೌತ್ ಪಾಡ್ರೆ ದ್ವೀಪದ ಸಭಾಭವನದ ನೆಲದ ಮೇಲೆ ಸಾಲಾಗಿ ಇಟ್ಟು ಉಳಿಸಿಕೊಂಡರು. ಆಮೆಯೂ ಹಾವಿನಂತೆ ಹೊರಗಿನ ಶಾಖವನ್ನು ನಂಬಿ ಬಾಳುವ ಪ್ರಾಣಿ.

ಇಂತಹ ಹೊತ್ತಿನಲ್ಲಿ ಕರುಣೆಯೊಂದೇ ಸಾಲದು. ತಿಳಿವಳಿಕೆಯಿಲ್ಲದ ಕರುಣೆ ಕೊಲ್ಲಲೂಬಹುದು. ಮರಗಟ್ಟಿದ ಹಾವನ್ನು ಕಂಡೊಡನೆ ಬೆಂಕಿಯ ಮುಂದೆ ಹಿಡಿಯಬೇಕೆಂದು ತೋರುವುದು ಸಹಜ. ಆದರೆ ಹಾವಿನ ಚರ್ಮ ಸುಡುತ್ತಿದ್ದರೂ ಅದು ಬೇಗನೆ ಸರಿದುಕೊಳ್ಳುವುದಿಲ್ಲ. ಬಿಸಿನೀರಿನಲ್ಲಿ ಮುಳುಗಿಸುವುದೂ, ಕೂದಲೊಣಗಿಸುವ ಯಂತ್ರದ ಬಿಸಿಗಾಳಿ ಬಿಡುವುದೂ ಅಪಾಯವೇ. ಅದನ್ನು ಬಟ್ಟೆಯ ಚೀಲದಲ್ಲಿಟ್ಟು, ಗಾಳಿಯಾಡುವಂತೆ ತೂತು ಮಾಡಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿರಿಸಿ, ಟವಲು ಸುತ್ತಿದ ಬಿಸಿನೀರಿನ ಸೀಸೆಗಳನ್ನು ಮೈಗೆ ತಗುಲದಂತೆ ಪಕ್ಕದಲ್ಲಿಡಬೇಕು. ವಿಷವಿಲ್ಲದ ಸಾಕಿದ ಹಾವಾದರೆ, ಬೇರೆ ದಾರಿಯೇ ಇಲ್ಲದಾಗ, ಸಾಕಿದವನ ಅಂಗಿಯೊಳಗಿನ ಮೈಬಿಸಿಯೇ ಒಳ್ಳೆಯದು. ಶಾಖವು ಗಂಟೆಗಳ ಮೇಲೆ ಮೆಲ್ಲಮೆಲ್ಲನೆ ಏರಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಲೇಕೂಡದು. ಟೆಕ್ಸಾಸಿನಲ್ಲಿ ಅದರ ಹೊಗೆಯ ವಿಷಕ್ಕೆ ಮನುಷ್ಯರೇ ಬಲಿಯಾದರು. ಇಲಿಯನ್ನು ನುಂಗಿಸಿ ಬಲ ತುಂಬುತ್ತೇನೆಂಬುದೂ ತಪ್ಪು: ತಣ್ಣಗಿನ ಮೈಯಲ್ಲಿ ಜೀರ್ಣಶಕ್ತಿಯೇ ನಿಂತಿರುತ್ತದೆ, ನುಂಗಿದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಅಲುಗದೆ ಬಿದ್ದಿದೆಯೆಂದು ಸತ್ತಿತೆಂದು ತೀರ್ಮಾನಿಸಬಾರದು; ಬೆಚ್ಚಗಾಗಿಸಿದ ಮೇಲೂ ಚೇತರಿಸದಿದ್ದರೆ ಆಗ ಪಶುವೈದ್ಯರು ಹೇಳಬೇಕಾದ ಮಾತು ಅದು. ಚೇತರಿಸಿದರೂ ಕೆಲವು ದಿನಗಳ ಮೇಲೆ ಶ್ವಾಸಕೋಶಕ್ಕೆ ಸೋಂಕು ತಗುಲುವುದುಂಟು. ಬಾಯಿ ತೆರೆದು ಉಸಿರಾಡುವುದು ಅದರ ಗುರುತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಲ್ಲಿ ಓದಿದ್ದನ್ನು ರಜದಲ್ಲಿ ಮನೆಯಲ್ಲಿ ಹೇಳುವುದು ನನ್ನ ರೂಢಿ. ಇದನ್ನೆಲ್ಲ ಕೇಳಿದ ನಮ್ಮ ತಂದೆಯವರು, "ಹೊದೆಯೋಕೆ ಇಲ್ಲದೆ ಮನುಷ್ಯರೇ ನಡುಗ್ತಾ ಇರುವಾಗ ಹಾವಿಗೇನೋ ನಿನ್ನ ಉಪಚಾರ?" ಎಂದರು. ಇಟ್ಟಿಗೆ ಗೂಡಿನ ಪಕ್ಕದ ಗುಡಿಸಿಲಿನಲ್ಲಿ ಎಷ್ಟೋ ಚಳಿಗಾಲಗಳನ್ನು ಕಳೆದವರು ಅವರು. ಅವರ ಮಾತನ್ನು ತಳ್ಳಿಹಾಕುವ ಅಧಿಕಾರ ನನಗಿಲ್ಲ. ಮನುಷ್ಯನೋ ಹಾವೋ ಎಂದು ಒಂದನ್ನೇ ಆರಿಸಬೇಕಾಗಿ ಬಂದರೆ ನಾನೂ ಮನುಷ್ಯನನ್ನೇ ಆರಿಸುತ್ತೇನೆ. ಆದರೆ ನಿಜವಾಗಿ ಆರಿಸಬೇಕಾದ ಹೊತ್ತು ಅದಕ್ಕೂ ಮೊದಲೇ ಬಂದಿರುತ್ತದೆ. ಹಾವು ತಾನಾಗಿ ಆಫ್ರಿಕದಿಂದ ನಡೆದು ಬರಲಿಲ್ಲ. ಹಣ ಕೊಟ್ಟು ತರಿಸಿಕೊಂಡವನೊಬ್ಬನಿದ್ದಾನೆ. ಬಡವನ ಕಂಬಳಿಯನ್ನು ಕಿತ್ತು ಹಾವಿಗೆ ಹೊದಿಸೆಂದು ಯಾರೂ ಕೇಳುತ್ತಿಲ್ಲ. ಶೋಕಿಗಾಗಿ ಹಾವು ತರಿಸಿದವನು ಅದರ ಚಳಿಯ ಸಾಲವನ್ನೂ ತಾನೇ ತೀರಿಸಲಿ ಎಂದಷ್ಟೇ ನನ್ನ ವಾದ. ತಂದೆಯವರ ಮಾತೂ ಕೊನೆಗೆ ಇಲ್ಲಿಗೇ ಬಂದು ಸೇರುತ್ತದೆಂದು ನನಗೆ ತೋರುತ್ತದೆ.

ಸಾಲ ತೀರಿಸಲಾರದವರು ಏನು ಮಾಡುತ್ತಾರೆಂಬುದಕ್ಕೆ ಫ್ಲಾರಿಡದ ಎವರ್‌ಗ್ಲೇಡ್ಸ್ ಜೌಗುನಾಡು ಸಾಕ್ಷಿ. ಸಾಕಲು ತಂದು ಬಿಟ್ಟ, ತಪ್ಪಿಸಿಕೊಂಡ ಬರ್ಮದ ಹೆಬ್ಬಾವುಗಳು ಅಲ್ಲಿ ಬೆಳೆದು ಹಬ್ಬಿ ಕಾಡಿನ ಪ್ರಾಣಿಗಳನ್ನು ತಿಂದುಹಾಕಿದವು. 2010ರ ಜನವರಿಯ ಕಡುಚಳಿಯಲ್ಲಿ ವಿಜ್ಞಾನಿಗಳು ರೇಡಿಯೊ ಸಾಧನವಿಟ್ಟು ಗಮನಿಸುತ್ತಿದ್ದ 10 ಹೆಬ್ಬಾವುಗಳಲ್ಲಿ 9 ಸತ್ತವು. ಆದರೂ ಸಂತತಿ ಅಳಿಯಲಿಲ್ಲ. ಕೊನೆಗೆ 2017ರಲ್ಲಿ ಅವನ್ನು ಹಿಡಿಯಲು ತಮಿಳುನಾಡಿನ ಇರುಳ ಜನಾಂಗದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರನ್ನು ಅಲ್ಲಿಗೆ ಕರೆಸಿಕೊಂಡರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ದೊರೆಯಿತು. ಒಬ್ಬರ ಶೋಕಿಯಿಂದ ಹಾವಿಗೂ ಸುಖವಿಲ್ಲ, ನಾಡಿಗೂ ಸುಖವಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಇದು ದೂರದ ದೇಶದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಾಗರ, ಕೇರೆ, ನಮ್ಮ ಹೆಬ್ಬಾವು ಮೊದಲಾದ ಈ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಹೊರದೇಶದ ಹಾವುಗಳ ಆಸೆ ಮಾತ್ರ ನಗರಗಳಲ್ಲಿ ಬೆಳೆಯುತ್ತಿದೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನುಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕಿದವು. ಅವುಗಳೊಡನೆ ತುಂಬಿದ್ದ 6 ಕೋತಿಗಳು ಸತ್ತೇ ಹೋಗಿದ್ದವು. ಸಾಮಾನಿನಂತೆ ತರಿಸಿದವನು ಮನೆಯಲ್ಲಿ ಜೀವದಂತೆ ಕಾಣುವನೆಂದು ನಂಬುವುದು ಹೇಗೆ?

ಆದ ಕಾರಣ ನನ್ನ ಅಭಿಪ್ರಾಯವಿಷ್ಟು. ಹೊರನಾಡಿನ ಹಾವನ್ನು ಸಾಕಬೇಕೆನ್ನುವವನು ಕೊಳ್ಳುವ ಮೊದಲು ತನ್ನನ್ನು ತಾನೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಮೂರು ದಿನ ಕರೆಂಟು ಇಲ್ಲದಿದ್ದರೆ ಇದನ್ನು ಬೆಚ್ಚಗಿಡಬಲ್ಲೆನೆ? ಉತ್ತರ ಇಲ್ಲವೆಂದಾದರೆ ಕೊಳ್ಳದಿರುವುದೇ ಅವನು ಆ ಪ್ರಾಣಿಗೆ ಮಾಡುವ ದೊಡ್ಡ ಉಪಕಾರ. ಈಗಾಗಲೇ ಸಾಕುತ್ತಿರುವವರು ಕಾನೂನಿನಂತೆ ನೋಂದಾಯಿಸಿ, ಉಷ್ಣಮಾಪಕ, ಪೆಟ್ಟಿಗೆ, ಸೀಸೆಗಳನ್ನು ಚಳಿಗಾಲಕ್ಕೆ ಮೊದಲೇ ಸಿದ್ಧಮಾಡಿಕೊಳ್ಳಲಿ. ಸಾಕಲಾಗದ ದಿನ ಕೆರೆಯ ಬದುವಿನಲ್ಲಿ ಬಿಡದೆ ಅರಣ್ಯ ಇಲಾಖೆಗೆ ತಿಳಿಸಲಿ. ನಮ್ಮಂತಹ ವಿದ್ಯಾರ್ಥಿಗಳೂ ಚಳಿಯ ಮುಂಜಾನೆ ಹೊಲದ ಬದಿಯಲ್ಲಿ ಜಡವಾಗಿ ಬಿದ್ದ ಹಾವನ್ನು ಕಂಡರೆ ಕೋಲು ಎತ್ತುವುದೂ ಬೇಡ, ಕೈಯಲ್ಲಿ ಎತ್ತಿಕೊಳ್ಳುವುದೂ ಬೇಡ. ಮಕ್ಕಳನ್ನು ದೂರ ಕರೆದುಕೊಂಡು ನಿಂತರೆ ಸಾಕು. ಬಿಸಿಲು ಏರಿದಂತೆ ಅದು ತನ್ನ ದಾರಿ ಹಿಡಿದು ಹೋಗುತ್ತದೆ. ಆ ಹಾವಿಗೆ ನಮ್ಮ ನೆರವು ಬೇಕಿಲ್ಲ, ಅದರ ಸೂರ್ಯ ಅದಕ್ಕಿದ್ದಾನೆ.