ಸಹಿ ಹಾಕಿ ಹೋದವರ ಪರವಾಗಿ

ಮನೋರೋಗಿಯನ್ನು ಡಾಕ್ಟರು ಬೇಡವೆಂದರೂ ವಾರ್ಡಿನಿಂದ ಮನೆಗೆ ಕರೆತರುವ ನಮ್ಮ ಶಿರಾ, ಪಾವಗಡ, ಮಧುಗಿರಿ ಕಡೆಯ ಕುಟುಂಬಗಳ ಮೇಲೆ ಬೇಕಾದಷ್ಟು ಮಾತುಗಳು ಬರುತ್ತವೆ. ಆ ಮಾತುಗಳಿಗೆ ಉತ್ತರ ಕೊಡಲೇಬೇಕು.

‘ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅರ್ಧಕ್ಕೇ ಎಬ್ಬಿಸಿಕೊಂಡು ಹೋಗುತ್ತಾರೆ’ ಎಂಬುದು ಮೊದಲ ಆಪಾದನೆ. ಶಿರಾದಿಂದ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಸುಮಾರು 125 ಕಿಲೋಮೀಟರ್, ಪಾವಗಡದವರಿಗೆ ಇನ್ನೂ ದೂರ. ರೋಗಿಯ ಜೊತೆಗೆ ಮನೆಯವರೊಬ್ಬರು ಉಳಿಯಬೇಕು. ಕಡಲೆಕಾಯಿ ಕೀಳುವ ಕಾಲದಲ್ಲಿ ಕೂಲಿ ಬಿಟ್ಟು, ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಕೂರಲು ಯಾರಿಂದಾದೀತು? ಇನ್ನೊಂದು ಕಾರಣವೂ ಇದೆ. ಔಷಧ ಶುರುವಾದ ಕೆಲವೇ ದಿನಗಳಲ್ಲಿ ನಿದ್ದೆ ಬರುತ್ತದೆ, ಕೂಗಾಟ ತಗ್ಗುತ್ತದೆ. ‘ಹುಡುಗ ಹುಷಾರಾದ’ ಎಂದು ತಾಯಿ ನಂಬುತ್ತಾಳೆ. ಆದರೆ ಕಿವಿಯಲ್ಲಿ ಕೇಳುವ ದನಿ, ಬೇರೂರಿದ ಸಂಶಯ ಇಳಿಯಲು ವಾರಗಳೇ ಬೇಕು. ಇದನ್ನು ಆಕೆಯನ್ನು ಕೂರಿಸಿಕೊಂಡು ಅವಳ ಮಾತಿನಲ್ಲೇ ಹೇಳದಿದ್ದರೆ ತಪ್ಪು ಆಕೆಯದಲ್ಲ.

‘ಕಾನೂನು ಸಡಿಲ, ಕೂಡಿಹಾಕಿಯಾದರೂ ಇಟ್ಟುಕೊಳ್ಳಬೇಕು’ ಎನ್ನುವವರು ಕಾನೂನನ್ನು ಓದಿಲ್ಲ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ತಾವಾಗಿಯೇ ದಾಖಲಾದವರು ಕೇಳಿದರೆ ಬಿಡಬೇಕು, ನಿಜ. ಆದರೆ ಜೀವಕ್ಕೆ ಅಪಾಯವಿದೆ ಎನಿಸಿದರೆ 24 ಗಂಟೆ ತಡೆದು ಪರೀಕ್ಷಿಸಬಹುದು. ತೀವ್ರ ಸ್ಥಿತಿಯಲ್ಲಿ, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ, ಇಬ್ಬರು ತಜ್ಞರು ನೋಡಿ ಒಪ್ಪಿದ ಬಳಿಕ, 30 ದಿನಗಳವರೆಗೆ ಒಳರೋಗಿಯಾಗಿ ಇರಿಸಿಕೊಳ್ಳಲೂ ದಾರಿಯಿದೆ. ಇಷ್ಟು ಸಾಲದೆ ಬೀಗವೂ ಬೇಕೆ? 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಮಂದಿ ಮನೋರೋಗಿಗಳು ಓಡಲಾಗದೆ ಬೆಂಕಿಯಲ್ಲಿ ಬೆಂದು ಸತ್ತರು. ಸರಪಳಿ ಬಿಗಿಯುವುದನ್ನು ಈ ಕಾಯ್ದೆ ನಿಷೇಧಿಸಿದೆ. ಇದನ್ನೂ ಹೇಳಿಬಿಡುತ್ತೇನೆ: ತಾನಾಗಿ ದಾಖಲಾಗಿ ಇನ್ನೂ ಇರುತ್ತೇನೆ ಎನ್ನುವ ರೋಗಿಯನ್ನು ಎಳೆದು ತರುವ ಹಕ್ಕು ಮನೆಯವರಿಗೂ ಇಲ್ಲ.

‘ಗಾಳಿ ಸೋಕಿದ್ದಕ್ಕೆ ಮಾತ್ರೆ ಏತಕ್ಕೆ’ ಎನ್ನುವವರಿಗೆ ಉತ್ತರ ಚಿಕ್ಕದು. ದೇವರಿಗೆ ಹೋಗಿ, ಮಾತ್ರೆಯನ್ನೂ ಕೊಡಿ. ಲಿಥಿಯಂನಂಥ ಔಷಧವನ್ನು ಏಕಾಏಕಿ ನಿಲ್ಲಿಸಿದರೆ ಉನ್ಮಾದ ಮತ್ತೆ ಕೆರಳಬಹುದು.

ನನಗೆ ಹೆಚ್ಚು ನೋವು ತರುವುದು ಕೊನೆಯ ವಾದ: ‘ಸಹಿ ಹಾಕಿ ಹೋದರಲ್ಲ, ಇನ್ನು ನಮಗೂ ಅವರಿಗೂ ಸಂಬಂಧವಿಲ್ಲ.’ ಕೇಸ್‌ಶೀಟಿನ ಕೊನೆಯಲ್ಲಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ’ ಎಂಬ ಎರಡು ಸಾಲು, ಕೆಳಗೊಂದು ಹೆಬ್ಬೆಟ್ಟು. ಆ ಹೆಬ್ಬೆಟ್ಟು ‘ಇವತ್ತು ವಾರ್ಡಿನಲ್ಲಿ ಇರಲಾರೆವು’ ಎಂದಷ್ಟೇ ಹೇಳುತ್ತದೆ. ಚಿಕಿತ್ಸೆಯೇ ಬೇಡ ಎಂದು ಅವರು ಎಲ್ಲಿ ಬರೆದುಕೊಟ್ಟರು? ಕೈಯಲ್ಲಿ ಚೀಟಿಯಿಲ್ಲದೆ, ಮಾತ್ರೆಯಿಲ್ಲದೆ ಕಳಿಸಿ, ರೋಗ ಮರುಕಳಿಸಿದಾಗ ‘ನಾವು ಹೇಳಿರಲಿಲ್ಲವೇ’ ಎನ್ನುವುದು ವೈದ್ಯಧರ್ಮವಲ್ಲ. ವಾರ್ಡಿನ ಹೊರಗೂ ಚಿಕಿತ್ಸೆ ಸಾಧ್ಯವೆಂದು ನಮ್ಮ ಜಿಲ್ಲೆಯೇ ತೋರಿಸಿದೆ. ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಊರಿನ ಹತ್ತಿರವೇ ಔಷಧ ಸಿಗುವಂತೆ ಮಾಡಿ, ನಿಮ್ಹಾನ್ಸ್ ತಂಡ ವರ್ಷಗಟ್ಟಲೆ ಅವರ ಜೊತೆ ನಿಂತಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರಬೇಕೆಂದೇ ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ರೂಪಿಸಿತು.

ಡಾಕ್ಟರೇ, ಸಹಿ ಹಾಕಿಸಿಕೊಳ್ಳಿ, ತಪ್ಪಿಲ್ಲ. ಅದರ ಜೊತೆಗೆ ಮಾತ್ರೆ ಕೊಡಿ, ಯಾವ ಲಕ್ಷಣ ಕಂಡರೆ ತಡಮಾಡದೆ ಬರಬೇಕೆಂದು ಕನ್ನಡದಲ್ಲಿ ಬರೆದುಕೊಡಿ, ತಾಲ್ಲೂಕು ಆಸ್ಪತ್ರೆಗೆ ಒಂದು ಚೀಟಿ ಕೊಡಿ. ಸಹಿ ಹಾಕಿ ಬಂದ ಅಣ್ಣ, ಅಕ್ಕ, ಅವ್ವಂದಿರೇ, ಬೈಯುತ್ತಾರೆಂಬ ಅಂಜಿಕೆಯಿಂದ ಮನೆಯಲ್ಲೇ ಉಳಿಯಬೇಡಿ. ಮತ್ತೆ ಹೋಗಲು ನಿಮಗೆ ಪೂರ್ತಿ ಹಕ್ಕಿದೆ. ರಾತ್ರಿ ಹೊತ್ತಿನಲ್ಲಿ ದಾರಿ ಕಾಣದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.