ಬಿಡುವ ದಾರಿಯೂ ಚೀಟಿಯಲ್ಲಿರಲಿ

ತಿಪಟೂರಿನಲ್ಲಿ ಔಷಧ ಅಂಗಡಿ ನಡೆಸುವ ನಾನು ವೈದ್ಯರಲ್ಲಿ ಕೇಳುವುದಿಷ್ಟೇ: ಖಿನ್ನತೆಗೆ ಮಾತ್ರೆ ಬರೆಯುವಾಗಲೇ ಅದನ್ನು ಎಷ್ಟು ಕಾಲ ತೆಗೆದುಕೊಳ್ಳಬೇಕು, ಬಿಡುವಾಗ ಹೇಗೆ ಬಿಡಬೇಕು ಎಂಬುದನ್ನೂ ಕನ್ನಡದಲ್ಲಿ ಬರೆದುಕೊಡಿ. ನನ್ನ ಕೈಗೆ ಬರುವ ಚೀಟಿಗಳಲ್ಲಿ ಶುರು ಮಾಡುವ ಪ್ರಮಾಣ ಇರುತ್ತದೆ, ಮುಂದುವರಿಸಲು ಹೇಳಿರುತ್ತದೆ. ಬಿಡುವ ಮಾತೇ ಇರುವುದಿಲ್ಲ. ಹಾಗಾಗಿ ಅದನ್ನು ಮನೆಯವರು, ನೆಂಟರು ತೀರ್ಮಾನಿಸುತ್ತಾರೆ.

ಮಗಳ ಮದುವೆ ಗೊತ್ತಾದ ತಾಯಿ ಬಂದು, 'ಅಣ್ಣಾ, ಇನ್ನು ಆ ಮಾತ್ರೆ ಬೇಡ, ಗಂಡಿನ ಕಡೆಯವರ ಕಣ್ಣಿಗೆ ಬಿದ್ದರೆ ಏನು ಗತಿ' ಅನ್ನುತ್ತಾರೆ. ಕೊಬ್ಬರಿ ರೇಟು ಬಿದ್ದಾಗ ಅರ್ಧ ಸ್ಟ್ರಿಪ್ ಕತ್ತರಿಸಿ ಕೊಡಿ ಅನ್ನುವವರಿದ್ದಾರೆ. ಚೆನ್ನಾಗಿದ್ದೀನಲ್ಲ ಎಂದೇ ಬಿಡುವವರು ಇನ್ನೂ ಹೆಚ್ಚು. ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕೆಂಬುದು ಸಾಮಾನ್ಯವಾಗಿ ವೈದ್ಯರು ಕೊಡುವ ಸಲಹೆ. ಅದು ಅವರ ಕಿವಿಗೇ ಬಿದ್ದಿರುವುದಿಲ್ಲ.

ಒಮ್ಮೆಲೇ ಬಿಟ್ಟವರು ಕೆಲವೇ ದಿನದಲ್ಲಿ ವಾಪಸ್ ಬರುತ್ತಾರೆ. ತಲೆಸುತ್ತು, ವಾಕರಿಕೆ, ನಿದ್ದೆಯಿಲ್ಲ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಪೆರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ದೇಹದಿಂದ ಬೇಗ ಹೊರಟುಹೋಗುವುದರಿಂದ ಅವುಗಳಲ್ಲಿ ಈ ಕಾಟ ಜಾಸ್ತಿ. ಫ್ಲೂಆಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಕಡಿಮೆ. ಮನೆಯವರು ಕಾಯಿಲೆ ತಿರುಗಿ ಬಂತು ಎಂದು ಹೆದರುತ್ತಾರೆ, ಇಲ್ಲವೇ ಚಟ ಹತ್ತಿಕೊಂಡಿದೆ ಎಂದು ಬೈಯುತ್ತಾರೆ. ಬಿಟ್ಟ ಕೂಡಲೇ ಕಾಣುವ ಈ ಲಕ್ಷಣಗಳು ಹೆಚ್ಚಾಗಿ ಎರಡೂ ಅಲ್ಲ. ಖಿನ್ನತೆ ಮರುಕಳಿಸುವುದಾದರೆ ಸಾಮಾನ್ಯವಾಗಿ ವಾರ, ತಿಂಗಳು ಹಿಡಿದು ನಿಧಾನಕ್ಕೆ ಬರುತ್ತದೆ. ಹಂತಹಂತವಾಗಿ ಇಳಿಸುವಾಗಲೂ ಕೊನೆಯ ಮೆಟ್ಟಿಲೇ ಹಲವರಿಗೆ ಕಷ್ಟ, ಏಕೆಂದರೆ ಸಣ್ಣ ಪ್ರಮಾಣವೂ ಮಿದುಳಿನಲ್ಲಿ ಬಹಳಷ್ಟು ಕೆಲಸ ಮಾಡುತ್ತಿರುತ್ತದೆ.

ನನಗೆ ಹೆಚ್ಚು ಆತಂಕ ತರುವುದು ಎಸ್ಸಿಟಲೋಪ್ರಾಮ್, ಕ್ಲೊನಾಜೆಪಾಮ್ ಎರಡನ್ನೂ ಸೇರಿಸಿದ ಮಾತ್ರೆ. ಕ್ಲೊನಾಜೆಪಾಮ್ ಅಭ್ಯಾಸ ಹಿಡಿಸುವ ಔಷಧ. ಬಹುಕಾಲ ತೆಗೆದುಕೊಂಡು ಧಿಡೀರನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಎರಡೂ ಒಂದರಲ್ಲೇ ಇರುವಾಗ ಒಂದನ್ನಷ್ಟೇ ಇಳಿಸಲು ಬರುವುದಿಲ್ಲ. ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಎಷ್ಟೋ ಜನಕ್ಕೆ ತಾವು ನುಂಗುತ್ತಿರುವುದು ಎರಡು ಔಷಧ ಎಂಬುದೇ ಗೊತ್ತಿಲ್ಲ.

ಬದಲಿಸುವಾಗಲೂ ಎಚ್ಚರ ಬೇಕು. ಇನ್ನೊಬ್ಬ ವೈದ್ಯರ ಹೊಸ ಚೀಟಿ ತಂದವರು ಹಳೆಯದನ್ನೂ ಜೊತೆಯಲ್ಲೇ ನುಂಗುತ್ತಿರುತ್ತಾರೆ. ಕೆಲವು ಜೋಡಿಗಳು ನಡುಕ, ವಿಪರೀತ ಬೆವರು, ಬುದ್ಧಿಭ್ರಮೆ ತಂದು ಜೀವಕ್ಕೇ ಕುತ್ತಾಗಬಹುದು.

ಹಾಗೆಂದು ಜೀವನಪೂರ್ತಿ ತಿನ್ನಿ ಎಂದು ನಾನು ಹೇಳುತ್ತಿಲ್ಲ. ಬಹುಕಾಲ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದವರ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಕ್ರಮೇಣ ಬಿಟ್ಟವರಲ್ಲಿ ವರ್ಷದೊಳಗೆ ಶೇ 56 ಮಂದಿಗೆ ಖಿನ್ನತೆ ಮರುಕಳಿಸಿತ್ತು. ಮುಂದುವರಿಸಿದವರಲ್ಲಿ ಶೇ 39. ಬಿಡುವುದರಲ್ಲಿ ಅಪಾಯ ಹೆಚ್ಚು, ನಿಜ. ಆದರೆ ಬಿಟ್ಟೂ ನೆಮ್ಮದಿಯಾಗಿದ್ದವರು ಕಡಿಮೆಯೇನಿಲ್ಲ. ಹಿಂದೆ ಎಷ್ಟು ಸಲ ಖಿನ್ನತೆ ಬಂದಿತ್ತು, ಈಗ ಮನೆಯ ಪರಿಸ್ಥಿತಿ ಹೇಗಿದೆ ಎಂಬುದನ್ನೆಲ್ಲ ವೈದ್ಯರೊಂದಿಗೆ ಕೂತು ಮಾತಾಡಿಯೇ ತೀರ್ಮಾನಿಸಬೇಕು.

ಬಿಡಬೇಕೆನಿಸಿದರೆ ಸ್ಟ್ರಿಪ್ ಮುಗಿಯುವ ಮೊದಲೇ ಹಳೆಯ ಚೀಟಿಗಳನ್ನೆಲ್ಲ ಹಿಡಿದು ವೈದ್ಯರ ಬಳಿ ಹೋಗಿ. ತಕ್ಷಣ ಹೋಗಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.