ಮೀನು ಎಸೆದು ಕರೆದ ಹದ್ದನ್ನು ‘ವನ್ಯಪಕ್ಷಿ’ ಎಂದು ಗೋಡೆಗೆ ತೂಗಬೇಡಿ



ಹಬ್ಬದ ಫೋಟೊ ಪ್ರದರ್ಶನಕ್ಕೆ ಬಂದ ಮೂರು ಚಿತ್ರಗಳ ಬಗ್ಗೆ ನಮ್ಮ ಯುವಜನರಲ್ಲಿ ಭಿನ್ನಾಭಿಪ್ರಾಯ ಎದ್ದಿದೆ. ಅದನ್ನು ಸಭೆಯ ಕೋಣೆಯಲ್ಲೇ ಮುಚ್ಚಿಡುವುದಕ್ಕಿಂತ ಎಲ್ಲರ ಮುಂದೆ ಇಡುವುದು ಮೇಲು. ಮೂರೂ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊಕ್ಕೆ ಹೋದ ಪ್ರವಾಸದಲ್ಲಿ ತೆಗೆದವು. ಒಂದರಲ್ಲಿ ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯ ಮೇಲೆ ಇಳಿಯುತ್ತಿರುವ ಕಡಲ ಹದ್ದು. ಇನ್ನೊಂದರಲ್ಲಿ ರಾತ್ರಿ ತೊರೆಯಿಂದ ಮೀನು ಎತ್ತುತ್ತಿರುವ ದೈತ್ಯ ಗೂಬೆ. ಮೂರನೆಯದರಲ್ಲಿ ಮುಂಜಾವದ ಮಂಜಿನ ನಡುವೆ ನದಿಯಲ್ಲಿ ನಿಂತ ಕ್ರೌಂಚ ಪಕ್ಷಿಗಳು. ಮೂರಕ್ಕೂ ಒಂದೇ ಶೀರ್ಷಿಕೆ: ‘ಹೊಕ್ಕೈಡೊದ ವನ್ಯಪಕ್ಷಿಗಳು’.

ನಮ್ಮ ಮಾತು ಇಷ್ಟೇ. ಮೊದಲಿನ ಎರಡನ್ನು ಆ ಶೀರ್ಷಿಕೆಯ ಅಡಿಯಲ್ಲಿ ತೂಗುವುದು ಸರಿಯಲ್ಲ. ಮೂರನೆಯದಕ್ಕೆ ಗೋಡೆಯ ನಟ್ಟನಡುವೆ ಜಾಗ ಕೊಡಬೇಕು. ಫೋಟೊ ತೆಗೆದವರು ನಮ್ಮವರೇ, ಅವರ ಮೇಲೆ ನಮಗೆ ಕೋಪವಿಲ್ಲ. ಹೇಗೆ ತೆಗೆದದ್ದೆಂದು ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅವರು ಹೇಳಿದ್ದನ್ನು ಗೋಡೆಯೂ ಹೇಳಲಿ ಎಂಬುದೇ ನಮ್ಮ ವಾದ.

ಮೊದಲು ಹದ್ದು. ಹೆಸರು ಸ್ಟೆಲ್ಲರನ ಕಡಲ ಹದ್ದು. ರೆಕ್ಕೆ ಬಿಚ್ಚಿದರೆ 2 ಮೀಟರಿಗೂ ಹೆಚ್ಚು ಅಗಲ, ತೂಕ 9 ಕಿಲೋ ವರೆಗೆ. ರಷ್ಯಾದ ಪೂರ್ವ ತುದಿಯ ಕರಾವಳಿಯಲ್ಲಿ ಮರಿ ಮಾಡುವ ಈ ಹದ್ದುಗಳು ಚಳಿಗಾಲಕ್ಕೆ ಹೊಕ್ಕೈಡೊಕ್ಕೆ ಬರುತ್ತವೆ. ಫೆಬ್ರವರಿಯಲ್ಲಿ ಓಖೋಟ್ಸ್ಕ್ ಸಮುದ್ರದ ಮಂಜುಗಡ್ಡೆ ತೇಲಿ ಬಂದಾಗ ರೌಸು ಎಂಬ ಬಂದರಿನಿಂದ ಸೂರ್ಯ ಹುಟ್ಟುವ ಮೊದಲೇ ಪ್ರವಾಸಿ ದೋಣಿಗಳು ಹೊರಡುತ್ತವೆ. ದೋಣಿಯ ತುಂಬ ಕ್ಯಾಮೆರಾ ಹಿಡಿದವರು. ದೋಣಿಯವರು ಮಂಜುಗಡ್ಡೆಯ ಮೇಲೆ ಮೀನು ಎಸೆಯುತ್ತಾರೆ. ಹದ್ದು ಇಳಿಯುತ್ತದೆ, ನೂರು ಕ್ಯಾಮೆರಾ ಒಟ್ಟಿಗೆ ಸದ್ದು ಮಾಡುತ್ತವೆ.

ಇನ್ನು ಗೂಬೆ. ಬ್ಲಾಕಿಸ್ಟನ್ ಮೀನುಗೂಬೆ, ಜಗತ್ತಿನ ಅತಿ ದೊಡ್ಡ ಗೂಬೆಗಳಲ್ಲಿ ಒಂದು. ಹೊಕ್ಕೈಡೊದ ಮೂಲನಿವಾಸಿಗಳಾದ ಐನು ಜನ ಇದನ್ನು ‘ಕೋತಾನ್ ಕೋರ್ ಕಮುಯ್’, ಅಂದರೆ ಹಳ್ಳಿ ಕಾಯುವ ದೈವ ಎಂದು ಕರೆಯುತ್ತಾರೆ. ಪೊಟರೆಯಿರುವ ಹಳೆಯ ಮರಗಳು ಕಡಿದುಹೋದವು, ನದಿಗಳಿಗೆ ಅಣೆಕಟ್ಟು ಬಂದು ಮೀನು ಕಡಿಮೆಯಾಯಿತು. ಈಗ ಇಡೀ ದ್ವೀಪದಲ್ಲಿ ಉಳಿದಿರುವುದು ಸುಮಾರು 200. ಸಂಶೋಧಕರು ಇದರ ಗೂಡಿನ ಜಾಗವನ್ನು ಗುಟ್ಟಾಗಿ ಇಡುತ್ತಾರೆ. ನಮ್ಮ ಪ್ರದರ್ಶನದ ಚಿತ್ರ ಎಲ್ಲಿಯದು? ಪ್ರವಾಸಿಗರಿಗಾಗಿ ತೊರೆಯ ಪಕ್ಕ ಕಲ್ಲು ಜೋಡಿಸಿ ಮಾಡಿದ ಸಣ್ಣ ಕೊಳದ್ದು. ಅದರಲ್ಲಿ ಜೀವಂತ ಮೀನು ಬಿಟ್ಟಿರುತ್ತಾರೆ, ಮೇಲಿನಿಂದ ದೀಪ ಬೆಳಗುತ್ತಿರುತ್ತದೆ, ನೋಡುವವರು ಬೆಚ್ಚನೆಯ ಕೋಣೆಯಲ್ಲಿ ಕಿಟಕಿಯ ಹಿಂದೆ ಕಾಯುತ್ತಾರೆ. ಹಳ್ಳಿ ಕಾಯುವ ಹಕ್ಕಿ ನಮಗಾಗಿ ದೀಪದ ರಂಗಸ್ಥಳಕ್ಕೆ ಬರುತ್ತದೆ.

‘ಚಂದ ಉಂಟಲ್ಲ, ಅಷ್ಟು ಸಾಲದಾ? ಹಕ್ಕಿಗೆ ಹೊಟ್ಟೆ ತುಂಬಿತು, ನಮಗೆ ಫೋಟೊ ಸಿಕ್ಕಿತು, ಅಲ್ಲಿಯವರಿಗೆ ನಾಲ್ಕು ಕಾಸು ಆಯಿತು’ ಎನ್ನುವವರು ನಮ್ಮಲ್ಲಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಮಂಜುಗಡ್ಡೆ ತುಂಬಿದಾಗ ಅಲ್ಲಿ ಮೀನುಗಾರಿಕೆ ಕಷ್ಟ. ಆಗ ದೋಣಿಯವನ ಮನೆಯಲ್ಲಿ ಒಲೆ ಉರಿಯಬೇಕು. ಕಡಲ ತೀರದವರಾದ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಕ್ಕಿಗೆ ತಿನ್ನಿಸುವುದೇ ತಪ್ಪು ಎಂದೂ ನಾವು ಹೇಳುವುದಿಲ್ಲ. ಮೂರನೆಯ ಚಿತ್ರದ ಕ್ರೌಂಚಗಳನ್ನೇ ನೋಡಿ. ಕೆಂಪು ನೆತ್ತಿಯ ಈ ಹಕ್ಕಿ ಜಪಾನಿನಲ್ಲಿ ಅಳಿದೇಹೋಯಿತು ಎಂದು ಜನ ನಂಬಿದ್ದ ಕಾಲವಿತ್ತು. 1924ರಲ್ಲಿ ಕುಶಿರೊ ಜೌಗುಪ್ರದೇಶದಲ್ಲಿ ಬೆರಳೆಣಿಕೆಯಷ್ಟು ಮತ್ತೆ ಕಂಡವು. 1952ರಲ್ಲಿ ಎಣಿಸಿದಾಗ ಸಿಕ್ಕಿದ್ದು 33. ಆ ಕಾಲದ ಕಡು ಚಳಿಯಲ್ಲಿ ಸುತ್ತಲಿನ ರೈತರು ತಮ್ಮ ಹೊಲದ ಜೋಳ ತಂದು ಹಾಕಿದರು. ಅದರಿಂದ ಸಂತತಿ ಉಳಿಯಿತು. ಇಂದು ಅವು 1,500ಕ್ಕೂ ಹೆಚ್ಚು. ಹಾಗೆಯೇ ಮೀನುಗೂಬೆಗೂ ಸರಕಾರ ಕೆಲವು ಕಡೆ ಮೀನು ಒದಗಿಸುತ್ತದೆ, ಗೂಡುಪೆಟ್ಟಿಗೆ ಕಟ್ಟುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿ? ಆ ರೈತ ಜೋಳ ಹಾಕಿದ್ದು ಹಕ್ಕಿಯ ಹಸಿವೆ ನೋಡಿ. ದೋಣಿಯಿಂದ ಮೀನು ಬೀಳುವುದು ಬೆಳಕು ನೋಡಿ. ಯಾವ ಹೊತ್ತು, ಎಷ್ಟು ದೂರ, ಎಷ್ಟು ಸಲ ಎಂಬುದನ್ನು ಮೊದಲನೆಯದರಲ್ಲಿ ಹಕ್ಕಿಯ ಅಗತ್ಯ ನಿರ್ಧರಿಸುತ್ತದೆ, ಎರಡನೆಯದರಲ್ಲಿ ಕ್ಯಾಮೆರಾ. ಕ್ರೌಂಚಗಳ ವಿಷಯದಲ್ಲಿ ಇನ್ನೂ ಒಂದು ಪಾಠವಿದೆ. ಸಂಖ್ಯೆ ಹೆಚ್ಚಿದ ಮೇಲೆ ಜಪಾನಿನ ಪರಿಸರ ಸಚಿವಾಲಯವೇ ಕಳೆದ ದಶಕದಿಂದ ಜೋಳವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ ಬಂದಿದೆ. ಒಂದೇ ಕಡೆ ಗುಂಪುಗೂಡಿದ ಹಕ್ಕಿಗಳಿಗೆ ರೋಗ ಬಂದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ ಎಂಬ ಭಯ ಅದಕ್ಕೆ. ಪ್ರೀತಿಯಿಂದ ಕೊಟ್ಟದ್ದನ್ನೂ ಹಕ್ಕಿಯ ಒಳಿತಿಗಾಗಿ ನಿಲ್ಲಿಸಲು ಅವರು ಸಿದ್ಧ. ಫೋಟೊಗಾಗಿ ಕೊಡುವವನು ಯಾವಾಗ ನಿಲ್ಲಿಸುತ್ತಾನೆ? ಟಿಕೆಟ್ ಮಾರಾಟ ನಿಂತಾಗ ಮಾತ್ರ.

‘ನಮ್ಮಲ್ಲೂ ಬೋಟು ದಡಕ್ಕೆ ಬಂದಾಗ ಗರುಡಗಳು ಸುತ್ತುವುದಿಲ್ಲವೇ?’ ಎಂದು ಕೇಳಿದವರಿಗೆ ಉತ್ತರ: ಸುತ್ತುತ್ತವೆ. ಹಾಗೆ ತೆಗೆದ ಫೋಟೊದ ಕೆಳಗೆ ‘ಬಂದರಿನಲ್ಲಿ, ಮೀನಿನ ಬೋಟಿನ ಹಿಂದೆ’ ಎಂದು ಬರೆದರೆ ಜಗಳವೇ ಇಲ್ಲ. ಮೋಸ ಶುರುವಾಗುವುದು ಬೋಟನ್ನು ಚೌಕಟ್ಟಿನಿಂದ ಹೊರಗಿಟ್ಟು ‘ಅಡವಿಯ ಒಡೆಯ’ ಎಂದು ಬರೆದಾಗ.

ಇದು ಅತಿ ಸೂಕ್ಷ್ಮ ಎನ್ನುವವರು ಒಂದು ಘಟನೆ ನೆನಪಿಡಿ. ಲಂಡನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರಲ್ಲಿ ಬೇಲಿಯ ಗೇಟು ಹಾರುವ ತೋಳದ ಚಿತ್ರ ಮೊದಲ ಬಹುಮಾನ ಗೆದ್ದಿತು. ಅದು ಪಳಗಿಸಿದ ತೋಳ ಇರಬೇಕು ಎಂದು ತೀರ್ಪುಗಾರರಿಗೆ ಮನವರಿಕೆಯಾಗಿ 2010ರ ಜನವರಿಯಲ್ಲಿ ಬಹುಮಾನ ಹಿಂದಕ್ಕೆ ಪಡೆದರು. ಚಿತ್ರದ ಚಂದ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದರ ಮೇಲಿನ ನಂಬಿಕೆ ಹೋಗಿತ್ತು.

ಮೂರನೆಯ ಚಿತ್ರದ ಮೇಲೆ ನಮಗೆ ಗೌರವ ಇರುವುದು ಅದಕ್ಕೇ. ಅದು ತ್ಸುರುಯಿ ಹಳ್ಳಿಯ ಒತೋವಾ ಸೇತುವೆಯಿಂದ ತೆಗೆದದ್ದು. ಕ್ರೌಂಚಗಳು ರಾತ್ರಿ ಕಳೆಯಲು ಹೆಪ್ಪುಗಟ್ಟದ ನದಿಯ ನೀರಿನಲ್ಲಿ ನಿಲ್ಲುತ್ತವೆ. ಜನ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ, ದೂರದ ಸೇತುವೆಯ ಮೇಲೆ ಬೆಳಕಿಗಾಗಿ ಕಾಯುತ್ತಾರೆ. ಮೀನಿಲ್ಲ, ಜೋಳವಿಲ್ಲ, ದೀಪವಿಲ್ಲ. ಹಲವು ದಿನ ಮಂಜು ಮುಸುಕಿ ಏನೂ ಕಾಣುವುದಿಲ್ಲ. ಆ ಫೋಟೊದಲ್ಲಿ ಹಕ್ಕಿಗಳು ಸಣ್ಣದಾಗಿ ಕಾಣುತ್ತವೆ, ನಿಜ. ಅಲ್ಲಿ ಬೆರಳು ಮರಗಟ್ಟಿದ್ದು ನಮ್ಮವರದು, ಹಕ್ಕಿ ತನ್ನ ಪಾಡಿಗೆ ತಾನಿತ್ತು.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಪ್ರದರ್ಶನದಲ್ಲಿ ಪ್ರತಿಯೊಂದು ಪ್ರಾಣಿಪಕ್ಷಿ ಚಿತ್ರದ ಕೆಳಗೆ ಎರಡು ಪ್ರಶ್ನೆಗಳಿಗೆ ಉತ್ತರ ಇರಲಿ: ತಿನಿಸು ಇಟ್ಟಿದ್ದರೇ? ದೀಪ ಹಾಕಿದ್ದರೇ? ಹೌದು ಎಂದಾದರೆ ಚಿತ್ರ ಇರಲಿ, ಬಹುಮಾನದ ಸಾಲಿನಲ್ಲಿ ಬೇಡ. ಗೂಡಿನಲ್ಲಿರುವ ಹಕ್ಕಿಯ ಚಿತ್ರಗಳನ್ನು ಮಾತ್ರ ತೆಗೆದುಕೊಳ್ಳುವುದೇ ಬೇಡ. ಮೊಬೈಲಿನಲ್ಲಿ ಹಂಚುವಾಗ ಗೂಡಿನ ಜಾಗದ ಗುರುತನ್ನೂ ಹಾಕಬೇಡಿ.

ಇದು ಏಳು ಸಮುದ್ರದಾಚೆಯ ಮಾತು ಎಂದುಕೊಳ್ಳಬೇಡಿ. 2023ರಲ್ಲಿ ನಮ್ಮ ಕಾಸರಗೋಡು ಜಿಲ್ಲೆ ತನ್ನದೇ ಒಂದು ಹಕ್ಕಿಯನ್ನು ಆರಿಸಿಕೊಂಡಿತು. ಅದೂ ಕಡಲ ಹದ್ದೇ, ಬಿಳಿ ಹೊಟ್ಟೆಯದು. ನಮ್ಮ ಕರಾವಳಿಯ ಎತ್ತರದ ಮರಗಳಲ್ಲಿ ಗೂಡು ಕಟ್ಟುತ್ತದೆ, ಮೊಟ್ಟೆಯಿಡುವ ಸಮಯದಲ್ಲಿ ಕಾಟ ಕೊಟ್ಟರೆ ಗೂಡನ್ನೇ ಬಿಟ್ಟುಹೋಗುವ ಸ್ವಭಾವದ್ದು. ನಮ್ಮೂರ ಹುಡುಗರ ಕೈಗೂ ಈಗ ಡ್ರೋನ್ ಬಂದಿದೆ. ಆ ಮರದ ಸುತ್ತ ಅದನ್ನು ಹಾರಿಸಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲು ಹೊಕ್ಕೈಡೊಕ್ಕೆ ಹೋಗಬೇಕಾಗಿಲ್ಲ.